ಮಂತ್ರಿಯ ಮುಂದಿನ ಕಾಲಾಳು

ಚದುರಂಗ ಬರುತ್ತದೆಯೆ ಎಂದು ಕೇಳಿದರೆ ಬಾರದೆನ್ನುವವರು ನಮ್ಮ ಊರುಗಳಲ್ಲಿ ಕಡಮೆ. ಕುದುರೆ ಹೇಗೆ ನೆಗೆಯುತ್ತದೆ, ಆನೆ ಹೇಗೆ ನೇರವಾಗಿ ನುಗ್ಗುತ್ತದೆ, ಕಾಲಾಳು ನೇರ ನಡೆದು ಓರೆಯಾಗಿ ಹೊಡೆಯುತ್ತದೆ ಎಂಬಷ್ಟು ಎಲ್ಲರಿಗೂ ತಿಳಿದಿದೆ. ರಾತ್ರಿಯ ಊಟವಾಗಿ, ವಾರ್ತೆ ಮುಗಿದು, ಸಂಗೀತ ಮೊದಲಾಗುವ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಮಣೆ ಹೊರಕ್ಕೆ ಬರುತ್ತದೆ. ಕಾಯಿ ಹೂಡುವವರೆಗೆ ಎಲ್ಲವೂ ಚೆನ್ನ. ಹೂಡಿಯಾದ ಮೇಲೆ ಬಿಳಿಯ ಕಾಯಿಯವರ ಕೈ ಮಣೆಯ ಮೇಲೆ ಒಂದು ಗಳಿಗೆ ಸುಮ್ಮನೆ ಸುಳಿಯುತ್ತದೆ. ಯಾವುದನ್ನು ನಡೆಸಲಿ? ನಿನ್ನೆ ನಡೆಸಿದ್ದನ್ನೇ? ನಿನ್ನೆ ಅದರಿಂದ ಸೋತೆನಲ್ಲ!

ನಾಟಕಕ್ಕೆ ಪೂರ್ವರಂಗವಿದ್ದಂತೆ ಚದುರಂಗಕ್ಕೂ ಒಂದು ಪೂರ್ವರಂಗವಿದೆ. ಮೊದಲ ಹತ್ತು ಹನ್ನೆರಡು ನಡೆಗಳಲ್ಲಿ ಸೈನ್ಯವನ್ನು ಮನೆಯಿಂದ ಹೊರಡಿಸಿ, ತಕ್ಕ ಠಾಣ್ಯಗಳಲ್ಲಿ ನಿಲ್ಲಿಸಿ, ರಾಜನನ್ನು ಕೋಟೆಯೊಳಕ್ಕೆ ಕಳುಹಿಸುವ ಭಾಗ ಅದು. ಇದರ ಮೇಲೆ ಬರೆದಿರುವ ಗ್ರಂಥಗಳನ್ನು ಒಂದು ಕಡೆ ಪೇರಿಸಿದರೆ ನಮ್ಮ ಶಾಲೆಯ ಪುಸ್ತಕದ ಬೀರು ಸಾಲದು. ಹಗಲೆಲ್ಲ ದುಡಿದು ಸಂಜೆ ಒಂದು ಗಂಟೆ ಆಡುವ ಗೃಹಸ್ಥನಿಗೆ ಅವುಗಳಲ್ಲಿ ಎಷ್ಟು ಬೇಕು? ನನ್ನ ಅಭಿಪ್ರಾಯದಲ್ಲಿ ಒಂದೇ ಒಂದು ಸರಳವಾದ ಪದ್ಧತಿ ಸಾಕು. ಆದರೆ ಅದನ್ನು ಬಾಯಿಪಾಠ ಮಾಡಬಾರದು. ಈ ಮಾತನ್ನು ನಾನು ಸುಲಭವಾಗಿ ಕಲಿತವನಲ್ಲ.

ಮೊದಲು ಹೆಸರುಗಳ ವಿಷಯ ಹೇಳಿಬಿಡುತ್ತೇನೆ. ಓರೆಯಾಗಿ ಓಡುವ ಕಾಯಿಯನ್ನು ಕೆಲವು ಮನೆಗಳಲ್ಲಿ ರಥವೆನ್ನುತ್ತಾರೆ. ನಾನು ಒಂಟೆಯೆಂದೇ ಕರೆಯುತ್ತೇನೆ. ಮೂಲೆಯಲ್ಲಿರುವುದು ಆನೆ. ಮಣೆಯನ್ನು ಬಿಳಿಯ ಕಡೆಯಿಂದ ನೋಡಿದರೆ ಎಡದಿಂದ ಬಲಕ್ಕೆ ಎಂಟು ಉದ್ದಸಾಲುಗಳಿಗೆ ಎ, ಬಿ, ಸಿ, ಡಿ, ಇ, ಎಫ್, ಜಿ, ಎಚ್ ಎಂದು ಹೆಸರು. ಬಿಳಿಯ ಕಡೆಯಿಂದ ಮೇಲಕ್ಕೆ 1ರಿಂದ 8ರ ವರೆಗೆ ಎಣಿಕೆ. ಬಿಳಿಯ ಮಂತ್ರಿ ಡಿ1ರಲ್ಲಿ, ರಾಜ ಇ1ರಲ್ಲಿ. ಮಂತ್ರಿಯ ಮುಂದಿನ ಕಾಲಾಳು ಡಿ2ರಿಂದ ಎರಡು ಮನೆ ನಡೆದರೆ ಡಿ4. ಇಷ್ಟು ತಿಳಿದರೆ ಮುಂದಿನದೆಲ್ಲ ಸುಲಭ. ರೇಡಿಯೋ ಪತ್ರಿಕೆಯಲ್ಲಿ ಚದುರಂಗವೇಕೆಂದು ಯಾರಾದರೂ ಹುಬ್ಬೇರಿಸಿದರೆ ಒಂದು ಸಂಗತಿಯನ್ನು ಜ್ಞಾಪಿಸುತ್ತೇನೆ. ಮನೆಮನೆಗೂ ಇಂಥ ಹೆಸರುಗಳಿರುವುದರಿಂದಲೇ ಆಟ ಗಾಳಿಯಲ್ಲಿಯೂ ಹೋಗಬಲ್ಲದು. 1945ರ ಸೆಪ್ಟೆಂಬರಿನಲ್ಲಿ, ಮಹಾಯುದ್ಧ ಮುಗಿದ ಹೊಸದರಲ್ಲಿ, ನ್ಯೂಯಾರ್ಕಿನಲ್ಲಿ ಕುಳಿತ ಹತ್ತು ಅಮೆರಿಕನ್ನರೂ ಮಾಸ್ಕೋದಲ್ಲಿ ಕುಳಿತ ಹತ್ತು ಸೋವಿಯತ್ ಆಟಗಾರರೂ ರೇಡಿಯೋ ಮೂಲಕ ನಡೆಗಳನ್ನು ಕಳುಹಿಸುತ್ತ ತಲಾ ಎರಡೆರಡು ಆಟ ಆಡಿದರು. ಸೋವಿಯತ್ ಪಕ್ಷ 15½–4½ ಅಂಕಗಳಿಂದ ಗೆದ್ದಿತು.

ಇನ್ನು ನನ್ನ ಕಥೆ. ಎಷ್ಟೋ ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಚುರುಕು ಬುದ್ಧಿ. ಮಣೆಯನ್ನು ಒಮ್ಮೆ ನೋಡಿದರೆ ಹತ್ತು ನಿಮಿಷದ ಮೇಲೂ ಕಾಯಿಗಳನ್ನು ಹಾಗೆಯೇ ಹೂಡಬಲ್ಲವನು. ನಾನು ಪಂಡಿತ ಪರೀಕ್ಷೆಗೆ ಓದಿದವನು. ಸೂತ್ರಗಳನ್ನೂ ಕೋಶವನ್ನೂ ಬಾಯಿಪಾಠ ಮಾಡಿಯೇ ಮೇಲೆ ಬಂದವನು. ಅವನಿಗೂ ಅದೇ ದಾರಿ ಹಿಡಿಸಿದೆ. ಕ್ವೀನ್ಸ್ ಗ್ಯಾಂಬಿಟ್ ಎಂಬ ಪ್ರಸಿದ್ಧ ಪ್ರಾರಂಭವನ್ನು ಒಂದು ಪುಸ್ತಕದಿಂದ ಹನ್ನೆರಡು ನಡೆಗಳ ವರೆಗೆ, ಕವಲುಗಳ ಸಹಿತ, ಅವನ ಬಾಯಲ್ಲಿ ಕುಳ್ಳಿರಿಸಿದೆ. ಡಿ4, ಡಿ5, ಸಿ4, ಇ6, ಕುದುರೆ ಸಿ3, ಕುದುರೆ ಎಫ್6, ಹೀಗೆ ಕಂದಪದ್ಯ ಒಪ್ಪಿಸಿದ ಹಾಗೆ ಒಪ್ಪಿಸುತ್ತಿದ್ದ. ನನಗೆ ಹೆಮ್ಮೆ.

ತಾಲ್ಲೂಕಿನ ಪಂದ್ಯದಲ್ಲಿ ಮೊದಲನೆಯ ಆಟ. ಹುಡುಗ ಡಿ4 ಎಂದ, ಎದುರಾಳಿ ಡಿ5 ಎಂದ. ಹುಡುಗ ಸಿ4 ಎಂದ. ಎದುರಾಳಿ ಪುಸ್ತಕದಂತೆ ಇ6 ಎನ್ನದೆ ಕಾಲಾಳನ್ನು ಇನ್ನೊಂದು ಮನೆ ಮುಂದಕ್ಕೆ, ಇ5ಕ್ಕೇ, ತಂದಿಟ್ಟ. ನಾನು ಹೇಳಿಕೊಟ್ಟ ಪಟ್ಟಿಯಲ್ಲಿ ಅದಿಲ್ಲ. ಹುಡುಗ ನನ್ನ ಕಡೆ ನೋಡಿದ. ನಾನು ಕಿಟಕಿಯ ಕಡೆ ನೋಡಿದೆ. ಅವನು ಆ ಕಾಲಾಳನ್ನು ಹೊಡೆದ. ಎದುರಾಳಿ ತನ್ನ ಇನ್ನೊಂದು ಕಾಲಾಳನ್ನು ಡಿ4ಕ್ಕೆ ನೂಕಿದ. ಅದನ್ನು ಕೀಳಬೇಕೆಂದು ಹುಡುಗ ಇ3 ಆಡಿದ. ಒಂಟೆ ಬಿ4ಕ್ಕೆ ಬಂದು ಷಹ. ಹುಡುಗ ತನ್ನ ಒಂಟೆಯನ್ನು ಡಿ2ರಲ್ಲಿ ಅಡ್ಡ ಇಟ್ಟ. ಕಪ್ಪು ಕಾಲಾಳು ಇ3ನ್ನು ಹೊಡೆಯಿತು. ಹುಡುಗ ಬಿ4ರ ಒಂಟೆಯನ್ನು ಹೊಡೆದ. ಕಾಲಾಳು ಎಫ್2ನ್ನು ಹೊಡೆದು ಷಹ. ರಾಜ ಇ2ಕ್ಕೆ ಬಂದ. ಆಗ ಆ ಕಾಲಾಳು ಜಿ1ರಲ್ಲಿದ್ದ ಕುದುರೆಯನ್ನು ಹೊಡೆದು ಕೊನೆಯ ಸಾಲು ಮುಟ್ಟಿತು. ಮುಟ್ಟಿ ಮಂತ್ರಿಯಾಗಲಿಲ್ಲ, ಕುದುರೆಯಾಯಿತು! ಕುದುರೆಯಾದ್ದರಿಂದ ರಾಜನಿಗೆ ಮತ್ತೆ ಷಹ. ಆನೆಯಿಂದ ಅದನ್ನು ತಿಂದರೆ ಕಪ್ಪು ಒಂಟೆ ಜಿ4ಕ್ಕೆ ಬಂದು ರಾಜನನ್ನು ತಿವಿದು, ಅವನ ಬೆನ್ನ ಹಿಂದಿರುವ ಮಂತ್ರಿಯನ್ನು ಒಯ್ಯುತ್ತದೆ. ಏಳನೆಯ ನಡೆಯಲ್ಲಿ ಆಟ ಮುಗಿದಂತೆಯೇ. ಇದು ಬಹು ಹಳೆಯ ಬಲೆ, ಲಾಸ್ಕರನ ಹೆಸರಿನದು, ಎಂದು ನನಗೆ ತಿಳಿದದ್ದು ಅನಂತರ. ಕಾಲಾಳು ಕುದುರೆಯಾಗಬಹುದೆಂಬ ನಿಯಮವೇ ಹುಡುಗನಿಗೆ ಗೊತ್ತಿರಲಿಲ್ಲ, ನಾನು ಹೇಳಿಕೊಟ್ಟಿರಲಿಲ್ಲ. ಅವನು ಮೋಸವಾಯಿತೆಂದು ಕೂಗಿದ, ಪಕ್ಕದವರು ನಕ್ಕರು. ಮಧ್ಯಾಹ್ನದ ಆಟಕ್ಕೆ ಅವನು ಬರಲಿಲ್ಲ. ಅಂದಿನಿಂದ ಶಾಲೆಯಲ್ಲಿಯೂ ಮಣೆಯ ಹತ್ತಿರ ಸುಳಿಯಲಿಲ್ಲ.

ತಪ್ಪು ಯಾರದೆಂಬುದರಲ್ಲಿ ನನಗೆ ಸಂಶಯವಿಲ್ಲ. ಸಂಧಿಯ ನಿಯಮ ತಿಳಿದವನು ಎಂದೂ ಕಾಣದ ಪದವನ್ನೂ ಬಿಡಿಸುತ್ತಾನೆ. ಬಿಡಿಸಿದ ಪದಗಳ ಪಟ್ಟಿಯನ್ನು ಉರುಹೊಡೆದವನು ಪಟ್ಟಿಯ ಹೊರಗಿನ ಮೊದಲ ಪದಕ್ಕೇ ಬಾಯಿ ಕಳೆದು ನಿಲ್ಲುತ್ತಾನೆ. ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಇದೇ ಮಾತು ಹೇಳಿ ಪಾಠ ಮಾಡುವ ನಾನು, ಮಣೆಯ ಮುಂದೆ ಕುಳಿತಾಗ ಮಾತ್ರ ಹುಡುಗನಿಗೆ ಪಟ್ಟಿಯನ್ನು ಕೊಟ್ಟಿದ್ದೆ.

ಆದ್ದರಿಂದ ಪದ್ಧತಿಯೆಂದರೆ ಏನೆಂಬುದನ್ನು ಬಿಡಿಸಿ ಹೇಳಬೇಕು. ಎದುರಾಳಿಯ ಒಂದೊಂದು ನಡೆಗೂ ಒಂದೊಂದು ಉತ್ತರವನ್ನು ನೆನಪಿಡುವುದು ಒಂದು ದಾರಿ. ಎದುರಾಳಿ ಏನೇ ಮಾಡಲಿ, ನನ್ನ ಕಾಯಿಗಳು ಹೆಚ್ಚುಕಡಮೆ ಇಂಥಿಂಥ ಮನೆಗಳಲ್ಲಿ ನಿಲ್ಲತಕ್ಕವು, ಅಲ್ಲಿಂದ ಇಂಥ ಕೆಲಸ ಮಾಡತಕ್ಕವು ಎಂದು ನಿಶ್ಚಯಿಸಿಕೊಳ್ಳುವುದು ಇನ್ನೊಂದು ದಾರಿ. ಈ ಎರಡನೆಯದೇ ಪದ್ಧತಿ. ಇದಕ್ಕೆ ಮಂತ್ರಿಯ ಕಾಲಾಳು ಬಲು ಒಳ್ಳೆಯ ಅಸ್ತಿವಾರ. ಕಾರಣ ಸರಳವಾದದ್ದು. ಡಿ4ಕ್ಕೆ ಬಂದ ಕಾಲಾಳನ್ನು ಹಿಂದಿನಿಂದ ಮಂತ್ರಿ ಹುಟ್ಟಿನಿಂದಲೇ ಕಾಯುತ್ತಿರುತ್ತಾನೆ. ರಾಜನ ಮುಂದಿನ ಕಾಲಾಳು ಇ4ಕ್ಕೆ ಹೋದರೆ ಅದಕ್ಕೆ ಯಾರ ಕಾವಲೂ ಇಲ್ಲ. ಕಪ್ಪು ಕುದುರೆಯೊಂದು ಎಫ್6ಕ್ಕೆ ನೆಗೆದರೆ ಆಗಲೇ ಅದರ ಚಿಂತೆ. ಅಲ್ಲಿ ಎರಡನೆಯ ನಡೆಯಿಂದಲೇ ಕತ್ತಿ ಹಿರಿಯಬೇಕು. ಇಲ್ಲಿ ಉಸಿರಾಡಲು ಸ್ವಲ್ಪ ಹೊತ್ತು ಸಿಕ್ಕುತ್ತದೆ. ವಯಸ್ಸಾದವರಿಗೆ ಅದೊಂದು ದೊಡ್ಡ ಸಹಾಯ.

ಈ ನಿಧಾನದ ಆಟ ನಮ್ಮ ದೇಶಕ್ಕೆ ಹೊಸದಲ್ಲ. ನಮ್ಮ ಹಿರಿಯರು ಆಡುತ್ತಿದ್ದ ದೇಶೀ ಕ್ರಮದಲ್ಲಿ ಕಾಲಾಳು ಮೊದಲ ಸಲವೂ ಒಂದೇ ಮನೆ ನಡೆಯುತ್ತಿತ್ತು. ಆದ್ದರಿಂದ ಎರಡು ಸೈನ್ಯಗಳೂ ದೂರದಲ್ಲಿಯೇ ನಿಂತು ತಮ್ಮ ತಮ್ಮ ವ್ಯೂಹವನ್ನು ಕಟ್ಟಿಕೊಂಡು, ಆಮೇಲೆ ಕೈಗೆ ಕೈ ಹತ್ತಿಸುತ್ತಿದ್ದವು. ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆಯೊಂದು 64 ಮನೆಗಳನ್ನೂ ಒಂದೊಂದೇ ಸಲ ಮೆಟ್ಟಿ ಬರುವ ಚಮತ್ಕಾರದಲ್ಲಿ ಪ್ರವೀಣರೆಂಬುದು ಮೈಸೂರಿನವರಿಗೆ ಗೊತ್ತಿರುವ ವಿಷಯ. ಚದುರಂಗದ ಮೇಲೆ ಅವರಿಗಿದ್ದ ಆಸೆ ಅಷ್ಟಿಷ್ಟಲ್ಲ. 1850ರ ದಶಕದಲ್ಲಿ ಕಲ್ಕತ್ತೆಯಲ್ಲಿ ಜಾನ್ ಕಾಕ್ರೇನ್ ಎಂಬ ವಕೀಲನೊಡನೆ ಮಹೇಶಚಂದ್ರ ಬಂದ್ಯೋಪಾಧ್ಯಾಯರು ಆಡಿದ ಆಟಗಳು ದಾಖಲೆಯಾಗಿ ಉಳಿದಿವೆ. ಮಂತ್ರಿಯ ಕಾಲಾಳಿಗೆ ಅವರು ಕೊಡುತ್ತಿದ್ದ ಉತ್ತರ ಯೂರೋಪಿನವರಿಗೆ ವಿಚಿತ್ರವಾಗಿ ಕಂಡಿತು: ಕುದುರೆಯನ್ನು ಎಫ್6ಕ್ಕೆ ತಂದು, ಜಿ ಸಾಲಿನ ಕಾಲಾಳನ್ನು ಒಂದೇ ಮನೆ ಸರಿಸಿ, ಒಂಟೆಯನ್ನು ಮೂಲೆಯ ಹತ್ತಿರ ಜಿ7ರಲ್ಲಿ ಕೂರಿಸುವುದು. ಇಂದು ಜಗತ್ತಿನಾದ್ಯಂತ ಇಂಡಿಯನ್ ರಕ್ಷಣೆಗಳೆಂದು ಕರೆಸಿಕೊಳ್ಳುವ ಕ್ರಮಗಳಿಗೆ ಆ ಹೆಸರು ಬಂದದ್ದು ಈ ಮೂಲದಿಂದ.

ದೇಶೀ ಕ್ರಮದಲ್ಲಿ ಬೆಳೆದ ಮತ್ತೊಬ್ಬರು ಪಂಜಾಬಿನ ಮೀರ್ ಸುಲ್ತಾನ್ ಖಾನ್. ಸರ್ ಉಮರ್ ಹಯಾತ್ ಖಾನರ ಪರಿವಾರದವರಾಗಿ 1929ರಲ್ಲಿ ಇಂಗ್ಲೆಂಡಿಗೆ ಹೋದ ಈತ ಅದೇ ವರ್ಷ ಬ್ರಿಟಿಷ್ ಚಾಂಪಿಯನ್ ಆದರು. 1932 ಮತ್ತು 1933ರಲ್ಲಿ ಮತ್ತೆ ಗೆದ್ದರು. 1930–31ರ ಹೇಸ್ಟಿಂಗ್ಸ್ ಪಂದ್ಯದಲ್ಲಿ ಕಾಪಾಬ್ಲಾಂಕಾನನ್ನೇ ಸೋಲಿಸಿದರು. ಪ್ರಾರಂಭದ ಗ್ರಂಥಗಳ ಪಾಂಡಿತ್ಯ ಅವರಿಗೆ ಅಷ್ಟಾಗಿ ಇರಲಿಲ್ಲವೆಂದು ಎಲ್ಲರೂ ಒಪ್ಪುತ್ತಾರೆ. ಹೇಗೋ ಹತ್ತು ನಡೆಗಳನ್ನು ಪೆಟ್ಟು ತಿನ್ನದೆ ದಾಟಿದರೆ ಆಮೇಲೆ ಅವರನ್ನು ಹಿಡಿಯುವವರಿರಲಿಲ್ಲ. 1966ರಲ್ಲಿ ತೀರಿಕೊಂಡ ಅವರಿಗೆ ಗ್ರ್ಯಾಂಡ್‌ಮಾಸ್ಟರ್ ಎಂಬ ಬಿರುದು ಗೌರವಾರ್ಥವಾಗಿ ಬಂದದ್ದು 2024ರಲ್ಲಿ! ಪೂರ್ವರಂಗಕ್ಕೆ ಎಷ್ಟು ಬೆಲೆ ಕೊಡಬೇಕು, ಎಷ್ಟು ಕೊಡಬಾರದು ಎಂದು ಯೋಚಿಸುವಾಗ ನನಗೆ ನೆನಪಾಗುವುದು ಈ ಮನುಷ್ಯ.

ಸರಿ, ಪದ್ಧತಿಗಳಲ್ಲಿ ಯಾವುದನ್ನು ಆರಿಸುವುದು? ಪೇಟೆಯಲ್ಲಿ ನಾಲ್ಕು ಸರಕು ಇವೆ. ‘ಕಲ್ಲುಗೋಡೆ’ ಎಂಬರ್ಥದ ಸ್ಟೋನ್‌ವಾಲ್ ಒಂದು: ಡಿ4, ಇ3, ಎಫ್4, ಸಿ3 ಎಂದು ಕಾಲಾಳುಗಳನ್ನು ಗೋಡೆಯಂತೆ ಕಟ್ಟುವುದು. ಗೋಡೆ ಗಟ್ಟಿಯೇನೋ ಹೌದು, ಆದರೆ ಸಿ1ರ ಒಂಟೆ ಒಳಗೆ ಸಿಕ್ಕಿಕೊಂಡು ಆಟ ಮುಗಿಯುವವರೆಗೆ ಅಜ್ಜಿಯ ಹಾಗೆ ಮೂಲೆಯಲ್ಲಿ ಕುಳಿತಿರುತ್ತದೆ; ಇ4 ಮನೆಯಂತೂ ಕಪ್ಪು ಕುದುರೆಗೆ ಬಿಟ್ಟ ಛತ್ರ. ಮೆಕ್ಸಿಕೋದ ಕಾರ್ಲೋಸ್ ಟೊರ್ರೆಯ ಪದ್ಧತಿ ಇನ್ನೊಂದು: ಒಂಟೆಯನ್ನು ಜಿ5ಕ್ಕೆ ಕಳುಹಿಸಿ ಎಫ್6ರ ಕುದುರೆಯನ್ನು ಕಟ್ಟುವುದು. 1925ರಲ್ಲಿ ಮಾಸ್ಕೋದಲ್ಲಿ ಟೊರ್ರೆ ಹೀಗೆ ಮೊದಲುಮಾಡಿ, ಮಂತ್ರಿಯನ್ನೇ ಬಲಿಕೊಟ್ಟು, ಆನೆ ಒಂಟೆಗಳಿಂದ ಗಾಣ ತಿರುಗಿಸಿದಂತೆ ಷಹದ ಮೇಲೆ ಷಹ ಹೇಳಿ ಮಹಾವೀರ ಲಾಸ್ಕರನನ್ನು ಅರೆದುಬಿಟ್ಟ. ನೋಡಲು ಚೆನ್ನ, ಆದರೆ ನಮ್ಮಂಥವರಿಗೆ ದಿನಬಳಕೆಗೆ ಬರುವುದು ಉಳಿದ ಎರಡು: ಕೊಲ್ಲೆ ಮತ್ತು ಲಂಡನ್.

ಎಡ್ಗಾರ್ ಕೊಲ್ಲೆ ಬೆಲ್ಜಿಯಮ್ಮಿನವನು. 1897ರಲ್ಲಿ ಹುಟ್ಟಿ 1932ರಲ್ಲಿ, ಇನ್ನೂ 34 ವರ್ಷದವನಾಗಿರುವಾಗಲೇ, ಹೊಟ್ಟೆಯ ಹುಣ್ಣಿನ ಶಸ್ತ್ರಚಿಕಿತ್ಸೆಯಾಗಿ ತೀರಿಕೊಂಡ. ಅವನ ವ್ಯೂಹ ಹೀಗೆ: ಕಾಲಾಳುಗಳು ಡಿ4, ಇ3, ಸಿ3, ಕುದುರೆಗಳು ಎಫ್3 ಮತ್ತು ಡಿ2, ಒಂಟೆ ಡಿ3, ರಾಜ ಕೋಟೆಯಲ್ಲಿ, ಆನೆ ಇ1ರಲ್ಲಿ. ಇಷ್ಟು ಸಿದ್ಧವಾಗುವವರೆಗೆ ಬಿಳಿ ಏನೂ ಮಾಡದೆ ಕುಳಿತಿರುವಂತೆ ಕಾಣುತ್ತದೆ. ಆಮೇಲೆ ಇ3ರ ಕಾಲಾಳು ಒಂದೇ ಮನೆ, ಇ4ಕ್ಕೆ, ನಡೆಯುತ್ತದೆ. ಆ ಒಂದು ಹೆಜ್ಜೆಗೆ ಬಾಗಿಲೆಲ್ಲ ತೆರೆದುಕೊಳ್ಳುತ್ತವೆ: ಡಿ3ರ ಒಂಟೆಯ ಕಣ್ಣು ಎಚ್7ರ ಮೇಲೆ, ಆನೆಯ ಕಣ್ಣು ಇ ಸಾಲಿನ ಮೇಲೆ, ಸಿ1ರಲ್ಲಿ ಬಂಧಿಯಾಗಿದ್ದ ಒಂಟೆಗೂ ಬಿಡುಗಡೆ. 1930ರಲ್ಲಿ ನೀಸ್ ಪಟ್ಟಣದಲ್ಲಿ ಕೊಲ್ಲೆ ಐರ್ಲೆಂಡಿನ ಒಹ್ಯಾನ್ಲನ್ನನ ಮೇಲೆ ಆಡಿದ ಆಟದಲ್ಲಿ 9ನೆಯ ನಡೆಗೆ ಇ4 ಬಂದಿತು. 12ನೆಯ ನಡೆಗೆ ಒಂಟೆ ಎಚ್7ರ ಕಾಲಾಳನ್ನು ಹೊಡೆದು ತಾನೂ ಬಿದ್ದಿತು. ಕುದುರೆ ಜಿ5ಕ್ಕೆ ನೆಗೆದು ಷಹ ಹೇಳಿತು. ಕಪ್ಪು ರಾಜ ಬೀದಿಗೆ ಬಂದ. ಆ ಬಲಿ ನಿಜವಾಗಿ ಸಲ್ಲುವುದೇ ಇಲ್ಲವೇ ಎಂದು ಪಂಡಿತರು ಮುಂದೆ ತರ್ಕ ಮಾಡಿದರು. ತರ್ಕ ಮಾಡಲಿ, ಎದುರಿಗೆ ಕುಳಿತಿದ್ದವನು ತಡೆಯಲಾರದೆ ಹೋದ ಎಂಬುದು ಮಾತ್ರ ನಿಜ. ಅವನ ನಾಡಿನವನೇ ಆದ ಕೋಲ್ಟನೋವ್‌ಸ್ಕಿ ಈ ಪದ್ಧತಿಯನ್ನು ಸಾಮಾನ್ಯ ಆಟಗಾರರಿಗಾಗಿ ಬರೆದು ಹರಡಿದ. 1937ರಲ್ಲಿ ಎಡಿನ್‌ಬರೋದಲ್ಲಿ ಮಣೆಯನ್ನೇ ನೋಡದೆ ಒಟ್ಟಿಗೆ 34 ಜನರೊಡನೆ ಆಡಿ ಒಂದನ್ನೂ ಸೋಲದ ಅವಧಾನಿ ಈತ. ನಮ್ಮ ಶತಾವಧಾನಿಗಳನ್ನು ಕಂಡವರಿಗೆ ಇದು ನಂಬಲಾರದ ಮಾತೇನಲ್ಲ.

ನಾನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕೊಲ್ಲೆಯ ಭಕ್ತನಾಗಿದ್ದೆ. ಆ ಹುಡುಗನ ಪ್ರಸಂಗವಾದ ಮೇಲೆ ಶಾಲೆಯ ಮಕ್ಕಳಿಗೂ ಇದನ್ನೇ ಹೇಳಿಕೊಟ್ಟೆ. ಹೇಳಿಕೊಡುವಾಗ ಒಂದೇ ಪ್ರಶ್ನೆ ಕೇಳುತ್ತಿದ್ದೆ: “ಇ4 ಯಾವಾಗ?” ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಮಕ್ಕಳು ತಾವಾಗಿಯೇ ಆಡುವುದನ್ನು ಕಲಿತರು. ಬಾಯಿಪಾಠವಿಲ್ಲ, ಕಣ್ಣೀರಿಲ್ಲ.

ಆದರೆ ಕೊಲ್ಲೆಗೂ ಒಂದು ನೋವಿದೆ, ಅದನ್ನು ಮುಚ್ಚಿಡಬಾರದು. ಕಪ್ಪಿನವನು ನಮ್ಮ ಮಹೇಶಚಂದ್ರರ ದಾರಿ ಹಿಡಿದು ಜಿ6 ಆಡಿ ಒಂಟೆಯನ್ನು ಜಿ7ರಲ್ಲಿ ಕೂರಿಸಿದರೆ, ನಮ್ಮ ಡಿ3ರ ಒಂಟೆಯ ದೃಷ್ಟಿ ಜಿ6ರ ಗೋಡೆಗೆ ಬಡಿದು ನಿಲ್ಲುತ್ತದೆ. ಎಚ್7ರ ಕನಸೆಲ್ಲ ವ್ಯರ್ಥ. ಆಗ ಇ3 ಆಡಿದ್ದೇ ತಪ್ಪಾಯಿತೇನೋ ಎನ್ನಿಸುತ್ತದೆ. ಏಕೆಂದರೆ ಒಳಗೆ ಸಿಕ್ಕಿಬಿದ್ದ ಸಿ1ರ ಒಂಟೆಯೇ ಈಗ ಬೇಕಾಗಿದ್ದದ್ದು. ಬಾಗಿಲು ಹಾಕುವ ಮೊದಲು ದನವನ್ನು ಮೇಯಲು ಬಿಡಬೇಕಿತ್ತು.

ಲಂಡನ್ ಪದ್ಧತಿ ಮಾಡುವುದು ಇದನ್ನೇ. ಇ3 ಆಡುವ ಮೊದಲೇ ಸಿ1ರ ಒಂಟೆ ಎಫ್4ಕ್ಕೆ ಹೊರಟುಬಿಡುತ್ತದೆ. ಬಾಗಿಲು ಹಾಕುವುದು ಆಮೇಲೆ. ಉಳಿದದ್ದು ಕೊಲ್ಲೆಯ ಹಾಗೆಯೇ: ಇ3, ಸಿ3, ಕುದುರೆಗಳು ಎಫ್3, ಡಿ2, ಇನ್ನೊಂದು ಒಂಟೆ ಡಿ3 (ಕಪ್ಪು ಜಿ6 ಆಡಿದ್ದರೆ ಸುಮ್ಮನೆ ಇ2). ಜೇಮ್ಸ್ ಮೇಸನ್ ಎಂಬಾತ 1880ರ ದಶಕದಲ್ಲಿಯೇ ಹೀಗೆ ಆಡುತ್ತಿದ್ದ. 1922ರ ಲಂಡನ್ ಪಂದ್ಯಾವಳಿಯಲ್ಲಿ ಹಲವು ಸಲ ಕಾಣಿಸಿಕೊಂಡಿದ್ದರಿಂದ ಆ ಊರಿನ ಹೆಸರು ನಿಂತಿತು. ಬಹುಕಾಲ ಇದನ್ನು ಮುದುಕರ ಆಟವೆಂದು ಹೀಯಾಳಿಸುತ್ತಿದ್ದರು. 2023ರಲ್ಲಿ ವಿಶ್ವ ಚಾಂಪಿಯನ್ ಪದವಿಗಾಗಿ ನಡೆದ ಸ್ಪರ್ಧೆಯ 6ನೆಯ ಆಟದಲ್ಲಿ ಡಿಂಗ್ ಲಿರೆನ್ ಇದೇ ಮುದುಕರ ಆಟದಿಂದ ನೆಪೋಮ್ನಿಯಾಚ್ಚಿಯನ್ನು ಸೋಲಿಸಿದ ಮೇಲೆ ಹೀಯಾಳಿಸುವವರು ಸ್ವಲ್ಪ ಸುಮ್ಮನಾಗಿದ್ದಾರೆ.

ಈ ವ್ಯೂಹದ ಒಂದೊಂದು ಕಾಯಿಗೂ ಅಲ್ಲಿ ನಿಲ್ಲಲು ಕಾರಣವಿದೆ. ಅದನ್ನು ಕೇಳಿ ತಿಳಿಯಬೇಕು. ಎಫ್4ರ ಒಂಟೆ ಇ5 ಮನೆಯನ್ನು ಕಾಯುತ್ತದೆ; ಅದರ ಬಲದಿಂದ ಎಫ್3ರ ಕುದುರೆ ಸಮಯ ನೋಡಿ ಇ5ಕ್ಕೆ ಹತ್ತಿ ಕುಳಿತರೆ ಎದುರಾಳಿಯ ಅಂಗಳದಲ್ಲಿ ನಮ್ಮ ಬಾವುಟ ನೆಟ್ಟಂತೆ. ಕಪ್ಪು ಕುದುರೆ ಎಚ್5ಕ್ಕೆ ಬಂದು ಈ ಒಂಟೆಯನ್ನು ಹೊಡೆಯಲು ಹೊಂಚಬಹುದು. ಅದಕ್ಕೇ ಬಿಡುವಾದಾಗ ಎಚ್3 ಆಡಿ ಎಚ್2ರಲ್ಲಿ ಅದಕ್ಕೊಂದು ಹಿತ್ತಿಲು ಮಾಡಿಕೊಡುವುದು. ಕಪ್ಪು ಒಂಟೆ ಡಿ6ಕ್ಕೆ ಬಂದು ಎದುರಾಬದುರು ನಿಂತರೆ ಗಾಬರಿಯಿಂದ ಹೊಡೆಯಬೇಕಾಗಿಲ್ಲ; ಜಿ3ಕ್ಕೆ ಸರಿದು ನಿಲ್ಲಿ. ಅವನೇ ಹೊಡೆದರೆ ಎಚ್ ಕಾಲಾಳಿನಿಂದ ತಿನ್ನಿ. ನೀವು ಇನ್ನೂ ಕೋಟೆ ಕಟ್ಟಿಲ್ಲದಿದ್ದರೆ ಮೂಲೆಯ ಆನೆಗೆ ಹೆದ್ದಾರಿ ತೆರೆಯುತ್ತದೆ.

ಇಷ್ಟೆಲ್ಲ ತಿಳಿದ ನಾನು ಹೋದ ವರ್ಷ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳ ಕೈಯಲ್ಲಿ ಏಟು ತಿಂದೆ. ಎಲ್ಲಿ ತಿಂದೆನೆಂಬುದನ್ನು ಹೇಳಿದರೆ ನಿಮಗೆ ಉಪಯೋಗವಾದೀತು. ಒಂಟೆ ಸಿ1ನ್ನು ಬಿಟ್ಟು ಹೋದ ಮೇಲೆ ಬಿ2ರ ಕಾಲಾಳಿಗೆ ಕಾವಲಿಲ್ಲ. ಈ ಪದ್ಧತಿಯ ಹುಳುಕು ಇರುವುದೇ ಅಲ್ಲಿ. ನಾನು ಡಿ4, ಒಂಟೆ ಎಫ್4, ಇ3, ಸಿ3, ಕುದುರೆ ಎಫ್3 ಎಂದು ಸಾವಕಾಶವಾಗಿ ಆಡುತ್ತಿದ್ದೆ. ಅವಳು ಡಿ5, ಕುದುರೆ ಎಫ್6, ಸಿ5, ಕುದುರೆ ಸಿ6 ಎಂದು ಬಂದು ಐದನೆಯ ನಡೆಗೆ ಮಂತ್ರಿಯನ್ನು ಬಿ6ಕ್ಕೆ ತಂದಿಟ್ಟಳು. ಕಣ್ಣು ನೇರವಾಗಿ ಬಿ2ರ ಮೇಲೆ. ನಾನು ಮಂತ್ರಿಯನ್ನು ಬಿ3ಕ್ಕೆ ತಂದು ಎದುರು ನಿಲ್ಲಿಸಿದೆ. ಅವಳು ಕಾಲಾಳನ್ನು ಸಿ4ಕ್ಕೆ ನೂಕಿ ನನ್ನ ಮಂತ್ರಿಯನ್ನು ಓಡಿಸಿದಳು. ನಾನು ಸಿ2ಕ್ಕೆ ಹಿಂದೆಗೆದೆ. ಅಲ್ಲಿಂದಲೂ ಬಿ2ನ್ನು ಕಾಯಬಹುದಷ್ಟೆ. ಆಗ ಅವಳು ತನ್ನ ಒಂಟೆಯನ್ನು ಎಫ್5ಕ್ಕೆ, ನನ್ನ ಮಂತ್ರಿಯ ಬಾಯಿಗೇ, ತಂದಿಟ್ಟಳು. ಕಾವಲಿಲ್ಲದ ಒಂಟೆ! ಪಾಪ, ನೋಡಲಿಲ್ಲವೆಂದುಕೊಂಡೆ. “ಹಿಂದಕ್ಕೆ ತೆಗೆದುಕೋ ಮಗು” ಎಂದೂ ಅಂದೆ. “ಪರವಾಗಿಲ್ಲ ಸಾರ್” ಎಂದಳು. ತಿಂದೆ. ಅವಳ ಮಂತ್ರಿ ಬಿ2ನ್ನು ಹೊಡೆದು ಒಳಗೆ ಬಂದಿತು. ಮೂಲೆಯ ಆನೆಗೆ ಓಡಲು ದಾರಿಯಿಲ್ಲ. ನಮ್ಮ ಮಂತ್ರಿ ಸಿ8ಕ್ಕೆ ಹೋಗಿ ಷಹ ಹೇಳಿದರೆ ಅವಳ ಆನೆ ತಿನ್ನುತ್ತದೆ. ಒಂಟೆಯ ಆಸೆಗೆ ಆನೆ ಹೋಯಿತು. ಅರ್ಧ ಗಂಟೆಯಲ್ಲಿ ಆಟವೂ ಹೋಯಿತು.

ಔಷಧ ಚಿಕ್ಕದು. ಸಿ4 ಬಂದಾಗ ಮಂತ್ರಿ ಸಿ2ಕ್ಕೆ ಹೋಗಬಹುದು. ಸಿ2ರಲ್ಲಿಯೇ ಇದ್ದು ಎಫ್5ರ ಒಂಟೆ ಬಂದರೂ ತಿನ್ನದೆ ಸಿ1ಕ್ಕೆ ಸರಿದರಾಯಿತು. ನೋಡಲು ಅವಮಾನದಂತಿದ್ದರೂ ಅಲ್ಲಿ ನಿಂತ ಮಂತ್ರಿಯನ್ನು ಯಾರೂ ಹೆದರಿಸಲಾರರು, ಬಿ2ಕ್ಕೂ ಕಾವಲು. ಮುಂದೆ ಬಿ3 ಆಡಿ ಅವಳ ಸಿ4ರ ಕಾಲಾಳನ್ನು ಕೆದಕಬಹುದು. ಬಿ2ರ ಮಾತೆತ್ತಿದ್ದರಿಂದ ಇನ್ನೊಂದು: ಡಿ4ಕ್ಕೆ ಉತ್ತರವಾಗಿ ಕಪ್ಪಿನವನು ಮೊದಲ ನಡೆಗೇ ಇ5 ಎಂದು ಕಾಲಾಳನ್ನು ಬಿಟ್ಟುಕೊಡಬಹುದು. ನೀವು ತಿಂದು, ಕುದುರೆಯನ್ನು ಎಫ್3ಕ್ಕೆ, ಒಂಟೆಯನ್ನು ಎಫ್4ಕ್ಕೆ ತಂದರೆ, ಇ7ರಲ್ಲಿ ಕಾದಿದ್ದ ಅವನ ಮಂತ್ರಿ ಬಿ4ಕ್ಕೆ ಬಂದು ಷಹ ಹೇಳುತ್ತದೆ. ನಿಮ್ಮ ಒಂಟೆ ಡಿ2ಕ್ಕೆ ಮರಳುತ್ತಲೇ ಬಿ2ನ್ನು ಕಬಳಿಸುತ್ತದೆ. ಆಗ ಒಂಟೆಯನ್ನು ಸಿ3ಕ್ಕೆ ತಂದು ಮಂತ್ರಿಯನ್ನು ಹಿಡಿದೆನೆಂದು ಹಿಗ್ಗಬೇಡಿ. ಅವನ ಒಂಟೆ ಬಿ4ಕ್ಕೆ ಬಂದರೆ ನೀವೇ ಸಿಕ್ಕಿದಿರಿ. ಕುದುರೆಯನ್ನು ಸಿ3ಕ್ಕೆ ತನ್ನಿ, ಮೇಲುಗೈ ನಿಮ್ಮದೇ.

ಪದ್ಧತಿಯನ್ನು ಪಕ್ಕಕ್ಕಿಡಬೇಕಾದ ಸಮಯವೂ ಒಂದಿದೆ. ಕಪ್ಪಿನವನೂ ನಮ್ಮಂತೆಯೇ ಮೊದಲೇ ತನ್ನ ಒಂಟೆಯನ್ನು ಎಫ್5ಕ್ಕೆ ಕಳುಹಿಸಿದನೆನ್ನಿ. ಅವನ ಬಿ7ಕ್ಕೂ ಆಗ ಕಾವಲಿಲ್ಲ. ಅಂಥ ಹೊತ್ತಿನಲ್ಲಿ ಸಿ3 ಎಂದು ಹಳೆಯ ಪಾಠ ಒಪ್ಪಿಸುತ್ತ ಕೂರದೆ, ಕಾಲಾಳನ್ನು ಸಿ4ಕ್ಕೇ ನುಗ್ಗಿಸಿ, ಮಂತ್ರಿಯನ್ನು ಬಿ3ಕ್ಕೆ ತಂದು, ಆ ಹುಡುಗಿ ನನಗೆ ಮಾಡಿದ್ದನ್ನು ನೀವು ಅವನಿಗೆ ಮಾಡಬೇಕು. ನಾನು ಈಗ ಮಕ್ಕಳಿಗೆ ಕೇಳುವ ಪ್ರಶ್ನೆ ಬದಲಾಗಿದೆ. “ಒಂಟೆ ಮನೆ ಬಿಟ್ಟಿತಲ್ಲ, ಹಿಂದೆ ಏನು ಬಿಟ್ಟುಹೋಯಿತು?” ಎಂದು, ಎರಡು ಕಡೆಯ ಒಂಟೆಗಳನ್ನೂ ತೋರಿಸಿ ಕೇಳುತ್ತೇನೆ.

ಕಳೆದ ದಸರೆಯ ರಜೆಯಲ್ಲಿ ಆ ಹಳೆಯ ಹುಡುಗ ಮನೆಗೆ ಬಂದಿದ್ದ. ಈಗ ದೊಡ್ಡವನಾಗಿದ್ದಾನೆ, ಬೇರೆ ಊರಿನಲ್ಲಿ ಕೆಲಸ, ಜೊತೆಯಲ್ಲಿ ಐದು ವರ್ಷದ ಮಗಳು. ಮಗು ಜಗಲಿಯ ಮೇಲಿದ್ದ ಮಣೆಯನ್ನು ನೋಡಿ ಕುದುರೆಗಳನ್ನು ಎತ್ತಿಕೊಂಡಿತು. ಅವನ್ನು ಅದರ ಕೈಯಿಂದ ಬಿಡಿಸಿ ಹೂಡಲು ಇಬ್ಬರೂ ಕೈಹಾಕಬೇಕಾಯಿತು. ಹೂಡಿದ ಮೇಲೆ ಎದುರು ಬದುರು ಕುಳಿತದ್ದು ತಾನಾಗಿಯೇ ಆಯಿತು. ನಾನು ಡಿ4 ಆಡಿದೆ. ಅವನು ಬಹಳ ಹೊತ್ತು ನೋಡಿ ಡಿ5 ಆಡಿದ. ನಾನು ಒಂಟೆಯನ್ನು ಎಫ್4ಕ್ಕೆ ಸರಿಸಿದೆ.

“ಇದು ನೀವು ಆವತ್ತು ಹೇಳಿಕೊಟ್ಟದ್ದಲ್ಲವಲ್ಲ ಸಾರ್?” ಎಂದ.

“ಅಲ್ಲ” ಎಂದೆ.

ಅವನು ಮಗುವನ್ನು ತೊಡೆಯ ಮೇಲಕ್ಕೆ ಎಳೆದುಕೊಂಡು, ಸಿ ಸಾಲಿನ ಕಾಲಾಳನ್ನು ಎರಡು ಮನೆ ಮುಂದಕ್ಕೆ ನೂಕಿದ.